ಕೆಂಪು ಪಟ್ಟಿ ಮತ್ತು ವನಜಕ್ಕನ ಬಂಗುಡೆ

ನಮ್ಮ ಆಸ್ಪತ್ರೆಯ ಮ್ಯಾನೇಜರರು ಬೆಂಗಳೂರಿಗೆ ಹೋಗಿ ಯಾವುದೋ ತರಬೇತಿ ಮುಗಿಸಿ ಬಂದದ್ದೇ ಬಂದದ್ದು, ಕುಂದಾಪುರದ ರೋಗಿಗಳಿಗೆಲ್ಲ ಬಣ್ಣ ಬಂತು. ಕೈಗೆ ಕಟ್ಟುವ ಪಟ್ಟಿಗಳ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಚೇತನಾ ಸಿಸ್ಟರ್, ಇನ್ನು ಕ್ಯಾಜುವಲ್ಟಿಯಲ್ಲಿ ಗದ್ದಲವೇ ಇರುವುದಿಲ್ಲ" ಎಂದರು. ಕೆಂಪು ಎಂದರೆ ಈಗಲೇ ನೋಡಬೇಕಾದವರು, ಹಳದಿ ಎಂದರೆ ಸ್ವಲ್ಪ ತಡೆಯಬಹುದಾದವರು, ಹಸಿರು ಎಂದರೆ ಹೊರಗೆ ಹೋಗಿ ಚಹಾ ಕುಡಿದು ಬಂದರೂ ಏನೂ ಆಗದವರು. ಬಾಗಿಲಲ್ಲೇ ರೋಗಿಯನ್ನು ನೋಡಿ ಬಣ್ಣ ತೀರ್ಮಾನಿಸುವ ಕೆಲಸ ನನ್ನದು. ಇಂಥ ಪಟ್ಟಿ ಒಮ್ಮೆ ಹಾಕಿದರೆ ಕತ್ತರಿಸಿಯೇ ತೆಗೆಯುವಂತಿರಬೇಕು. ನಮ್ಮವರು ತಂದದ್ದು ಗುಂಡಿ ಒತ್ತಿ ಹಾಕಿ, ಗುಂಡಿ ಬಿಚ್ಚಿ ತೆಗೆಯುವಂಥದ್ದು. "ಒರೆಸಿ ಮತ್ತೊಬ್ಬರಿಗೆ ಹಾಕಬಹುದಲ್ಲ" ಎಂದು ವಿವರಿಸಿದರು. ಸೋಂಕು ತಡೆಯುವ ಬಗ್ಗೆಯೂ ಅದೇ ತರಬೇತಿಯಲ್ಲಿ ಪಾಠ ಇತ್ತಂತೆ. ಬಹುಶಃ ಊಟದ ನಂತರ ಇಟ್ಟಿರಬೇಕು.

ವಾರ ಕಳೆಯುವುದರೊಳಗೆ ಊರಿಗೆಲ್ಲ ಒಂದು ವಿಷಯ ಮನದಟ್ಟಾಯಿತು. ಕೆಂಪು ಎಂದರೆ ಮರ್ಯಾದೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಯಲ್ಲಿ ಕೂರಿಸದಿದ್ದರೆ ಮುಖ ಊದಿಸಿಕೊಳ್ಳುವ ಜನ, ಹಸಿರು ಪಟ್ಟಿ ಕಟ್ಟಿದರೆ ಸುಮ್ಮನಿರುತ್ತಾರೆಯೇ? "ನಮ್ ಮನಿಯೋರಿಗ್ ಹಸ್ರ್ ಹಾಕಿದ್ರಂಬ್ರ್" ಎಂದು ಬೈಂದೂರಿನಿಂದ ಒಬ್ಬರು ಫೋನು ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ಅವರ ಮನೆಯವರಿಗೆ ಆಗಿದ್ದು ಬಿಕ್ಕಳಿಕೆ.

ಬಾಗಿಲ ಬಳಿ ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಸರ್ ಬಾಟಲಿಯೂ ಇದೆ. ಅದಕ್ಕೆ ನಮ್ಮವರು ಕೊಡುವ ಗೌರವವನ್ನು ಕಣ್ಣಾರೆ ಕಾಣಬೇಕು. ಬಲಗೈ ಕುಳಿ ಮಾಡಿ, ಕೆಳಗೆ ಎಡಗೈ ಇಟ್ಟು, ಭಕ್ತಿಯಿಂದ ಒಂದು ಹನಿ ಹಿಡಿದು, ಉಳಿದದ್ದನ್ನು ತಲೆಗೆ ಸವರಿಕೊಳ್ಳುತ್ತಾರೆ. ಕೈ ಹಾಗೇ ಇರುತ್ತದೆ, ತಲೆಗೂದಲು ಮಾತ್ರ ಸೋಂಕುಮುಕ್ತ.

ಇದರ ಜೊತೆಗೆ ಗೋಡೆಯ ಮೇಲೆ ನೋವಿನ ಚಿತ್ರಪಟ. ಸೊನ್ನೆಯಿಂದ ಹತ್ತರವರೆಗೆ, ನಗುವ ಮುಖದಿಂದ ಅಳುವ ಮುಖದವರೆಗೆ. ನೋವು ಎಷ್ಟು ಎಂದು ರೋಗಿ ಹೇಳಬೇಕು. ನಮ್ಮೂರಲ್ಲಿ ಅದಕ್ಕೆ ಇರುವುದು ಒಂದೇ ಉತ್ತರ: ಅಡ್ಡಿಲ್ಲೆ, ಅಂದರೆ ಪರವಾಗಿಲ್ಲ. ತೆಂಗಿನ ಮರದಿಂದ ಬಿದ್ದವನೂ ಅಡ್ಡಿಲ್ಲೆ, ಕಾಲಿನ ಮೇಲೆ ಟಿಲ್ಲರು ಹತ್ತಿಸಿಕೊಂಡವನೂ ಅಡ್ಡಿಲ್ಲೆ. ಕೇಳಿದವರಿಗೆ ತೊಂದರೆ ಕೊಡಬಾರದಲ್ಲ, ಅದಕ್ಕೆ. ಸ್ವಂತ ಕಾರಿನಲ್ಲಿ ಬಂದವರು ಮಾತ್ರ ಪಟವನ್ನು ನೋಡದೆಯೇ ಹತ್ತು ಎನ್ನುತ್ತಾರೆ.

ಹಾಲಾಡಿಯಿಂದ ರಾಜೇಂದ್ರಣ್ಣ ಬಂದದ್ದು ಹಾಗೆ, ಕಾರಿನಲ್ಲಿ. ಅಲ್ಲಿ ಅವರದು ಸಿಮೆಂಟು, ಹೆಂಚಿನ ದೊಡ್ಡ ಅಂಗಡಿ. ಎದೆ ಹಿಡಿದುಕೊಂಡು ಒಳಗೆ ಬಂದರು. ಎದೆ ಎಂದಮೇಲೆ ನಾನು ಯಾರನ್ನೂ ಕಾಯಿಸುವವಳಲ್ಲ, ತಕ್ಷಣ ಮಲಗಿಸಿ ಇಸಿಜಿ ಮಾಡಿಸಿದೆ. ಡಾಕ್ಟರ್ ಅನೂಪ್ ನೋಡಿ, ಹೃದಯ ಸರಿಯಾಗಿದೆ, ಗ್ಯಾಸು ಎಂದು ಹೇಳಿ, ರಕ್ತ ಪರೀಕ್ಷೆಗೆ ಬರೆದು ಮೇಲಿನ ವಾರ್ಡಿಗೆ ಹೋದರು. ನಾನು ಹಸಿರು ಪಟ್ಟಿ ತೆಗೆದೆ.

"ಹಸ್ರಾ? ನಂಗಾ?" ಎಂದರು ರಾಜೇಂದ್ರಣ್ಣ. "ಹಾಲಾಡಿಯಿಂದ ಬಂದದ್ ಮಾರಾಯ್ತಿ ನಾನ್."

"ಹಾಲಾಡಿಗೆ ಬೇರೆ ಬಣ್ಣ ಇಲ್ಲೆ ರಾಜೇಂದ್ರಣ್ಣ. ನಿನ್ನೆ ಊಟಕ್ಕೆ ಎಂತ ಇದ್ದಿತ್?"

"ಎಂತ ಇಲ್ಲೆ. ಕೋಳಿ ಸುಕ್ಕ ಮಾಡಿರ್. ಚೂರ್ ತಿಂದದ್."

"ಚೂರಂಬ್ರ್" ಎಂದು ಜೊತೆಗೆ ಬಂದಿದ್ದ ಅವರ ಹೆಂಡತಿ ಸೆರಗಿನೊಳಗೆ ನಕ್ಕರು. ಆಮೇಲೆ ರಾಜೇಂದ್ರಣ್ಣ ಬೆಂಚಿನ ಮೇಲೆ ಕುಳಿತು, ನಾನು ಆ ಕಡೆ ಹೋದಾಗಲೆಲ್ಲ ನರಳತೊಡಗಿದರು. ನಾನು ಮರೆಯಾದರೆ ಫೋನಿನಲ್ಲಿ ಸಿಮೆಂಟಿನ ಲೋಡಿನ ವಿಚಾರ ಮಾತಾಡುವುದು ಕೇಳುತ್ತಿತ್ತು.

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ, ಕುಳಿತರೆ ಬೆಂಚು ಸವೆದೀತೋ ಎಂಬಂತೆ, ವನಜಕ್ಕ ಯಾವಾಗ ಬಂದು ಕುಳಿತಳೋ ನನಗೆ ತಿಳಿಯಲೇ ಇಲ್ಲ. ವನಜಕ್ಕ ನಮ್ಮ ಓಣಿಗೆ ಮೀನು ತರುವವಳು. ಬೆಳಕು ಹರಿಯುವಾಗ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಕುಂದಾಪುರದ ಓಣಿಗಳನ್ನು ಸುತ್ತಿ, ಉಳಿದದ್ದನ್ನು ಬಸ್ಸಿನಲ್ಲಿ ಬಾರ್ಕೂರಿಗೆ ಒಯ್ದು ಮಾರುತ್ತಾಳೆ. ಐಸಿನಲ್ಲಿಟ್ಟ ಮೀನನ್ನು ಮುಟ್ಟುವವಳಲ್ಲ. ಯಾರಾದರೂ ಅಪ್ಪಿತಪ್ಪಿ "ಮೀನ್ ತಾಜಾ ಇತ್ತಾ?" ಎಂದು ಕೇಳಿದರೆ ಮಾತಿಲ್ಲದೆ ಬುಟ್ಟಿ ಎತ್ತಿಕೊಂಡು ಹೊರಟುಹೋಗುತ್ತಾಳೆ. ಆಮೇಲೆ ಆ ಮನೆಯವರಿಗೆ ಬರುವ ಮಳೆಗಾಲದವರೆಗೂ ಒಣಮೀನೇ ಗತಿ.

ಬಲಗೈಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದಳು.

"ಎಂತ ಆಯ್ತ್ ವನಜಕ್ಕ?"

"ಎಂತ ಇಲ್ಲೆ ಚೇತ್ನಮ್ಮ. ಮೊನ್ನೆ ಬಂದ್ರದಗೆ ಮೀನ್ ಹೆರ್ಕುವತಿಗೆ ಮುಳ್ ಚುಚ್ಚಿತ್. ಚೂರ್ ಬೀಗಿತ್. ನೀವ್ ಅವ್ರನ್ ಮೊದ್ಲ್ ಕಾಣಿ, ಪಾಪ, ಉಸ್ರ್ ಬಿಡುಕಾತಿಲ್ಲೆ ಅವ್ರಿಗ್."

ಕೈಗವಸು ಹಾಕಿಕೊಂಡು ಬಟ್ಟೆ ಬಿಚ್ಚಿದೆ. ಬಟ್ಟೆ ಬಿಚ್ಚುತ್ತಿದ್ದಂತೆ ವಾಸನೆ ಬಂತು. ಅಂಗೈಯಿಂದ ಮೊಣಕೈವರೆಗೆ ಊದಿ, ಚರ್ಮ ನೇರಳೆಯಾಗಿ, ಗುಳ್ಳೆಗಳೆದ್ದು ಒಡೆದಿದ್ದವು. ಜ್ವರ ಸುಡುತ್ತಿತ್ತು, ರಕ್ತದೊತ್ತಡ ಇಳಿದಿತ್ತು. ಸಕ್ಕರೆ ಕಾಯಿಲೆ ಬೇರೆ ಇದೆ ಎಂದು ನನಗೆ ಗೊತ್ತಿತ್ತು.

"ನೋವ್ ಎಷ್ಟಿತ್ತ್?"

"ಅಡ್ಡಿಲ್ಲೆ. ನಿನ್ನಿ ತನ್ಕ ಉರಿ ಇದ್ದಿತ್. ಇವತ್ತ್ ಅದೂ ಇಲ್ಲೆ. ಕಮ್ಮಿ ಆತಿತ್ತ್ ಕಾಣತ್ತ್."

ಊತ ಹೆಚ್ಚುತ್ತಾ ನೋವು ಕಡಿಮೆಯಾಗುತ್ತಿದೆ ಎಂದರೆ ಗುಣವಾಗುತ್ತಿದೆ ಎಂದಲ್ಲ, ಒಳಗೆ ಮಾಂಸ ಸಾಯುತ್ತಿದೆ ಎಂದು. ಕಡಲ ನೀರಿನ ಇಂಥ ಸೋಂಕು ಒಮ್ಮೆ ಮೇಲೇರತೊಡಗಿದರೆ ಬಸ್ಸಿಗೆ ಕಾಯುವಷ್ಟೂ ಪುರುಸೊತ್ತು ಕೊಡುವುದಿಲ್ಲ. ಅವಳ ಎಡಗೈಗೆ ಕೆಂಪು ಪಟ್ಟಿ ಹಾಕಿ, "ಇಲ್ಲಿಂದ ಏಳ್ಬೇಡಿ, ಈಗ ಬತ್ತೆ" ಎಂದು ಹೇಳಿ, ಅನೂಪರಿಗೆ ಫೋನು ಮಾಡಿ, ಅವಳಿಗೆ ಪ್ರತ್ಯೇಕ ಕೋಣೆ ಸಿದ್ಧಮಾಡಿಸಲು ಒಳಗೆ ಓಡಿದೆ.

ಮರಳಿ ಬಂದಾಗ ಅನೂಪ್ ಗಡಿಬಿಡಿಯಲ್ಲಿ ಇಳಿದುಬಂದು, "ಎಲ್ಲಿ ಕೆಂಪು ಪೇಷೆಂಟ್?" ಎನ್ನುತ್ತಿದ್ದರು. "ಇಲ್ಲಿ" ಎಂದು ಕೈ ಎತ್ತಿದವರು ರಾಜೇಂದ್ರಣ್ಣ. ಕೈಯಲ್ಲಿ ಕೆಂಪು ಪಟ್ಟಿ. ಬೆಂಚಿನ ಆ ತುದಿ ಖಾಲಿಯಾಗಿತ್ತು.

"ಅವ್ಳೇ ಕೊಟ್ಟದ್, ನಾನ್ ಕೇಂಡದ್ದಲ್ಲ" ಎಂದರು ನಾನು ಬಾಯಿ ತೆರೆಯುವ ಮೊದಲೇ. "'ನೀವ್ ಮೊದ್ಲ್ ತೋರ್ಸ್ಕಣಿ ಒಡೆಯರೆ, ನಾನ್ ಬಾರ್ಕೂರಿಗ್ ಹೋಯಿ ಮೀನ್ ಖಾಲಿ ಮಾಡ್ಕಂಡ್ ಬತ್ತೆ' ಅಂದ್ಳ್. ಒಳ್ಳೆ ಹೆಂಗ್ಸ್."

ನೆಲ ಒರೆಸುತ್ತಿದ್ದ ನಮ್ಮ ಆಯಾ ಚಂದು ಕೂಡ ತಲೆಯಾಡಿಸಿದಳು. "ಹೌದ್ ಸಿಸ್ಟ್ರೆ, ಇಬ್ರೂ ಪಟ್ಟಿ ಬದ್ಲ್ ಮಾಡ್ಕಂಡ್ರ್. ಟೋಕನ್ ಬದ್ಲ್ ಮಾಡ್ತ್ರಲ್ಲೆ, ಹಾಂಗೆ."

ಹೌದು, ನಮ್ಮಲ್ಲಿ ಟೋಕನ್ ಹಾಗೆಯೇ. ಯಾವ ಡಾಕ್ಟರ ಕ್ಲಿನಿಕ್ಕಿಗೆ ಹೋದರೂ ದೂರದ ಕೊಕ್ಕರ್ಣೆಯ ಬಸ್ಸು ಹಿಡಿಯಬೇಕಾದವರಿಗೆ ಊರಲ್ಲಿರುವವರು ತಮ್ಮ ಮುಂದಿನ ಟೋಕನ್ ಕೊಡುತ್ತಾರೆ, ಮಗು ಎತ್ತಿಕೊಂಡವಳಿಗೆ ಮುದುಕರು ಕೊಡುತ್ತಾರೆ. ಅಷ್ಟು ಒಳ್ಳೆಯ ಜನ ನಾವು. ವನಜಕ್ಕ ತನಗೆ ಗೊತ್ತಿದ್ದ ನ್ಯಾಯದ ಪ್ರಕಾರ ಸರಿಯಾಗಿಯೇ ನಡೆದುಕೊಂಡಿದ್ದಳು. ನರಳುವವರಿಗೆ ಮುಂದಿನ ಸರದಿ, ತನಗೆ ನೋವಿಲ್ಲ, ತನಗೆ ಹಿಂದಿನದು ಸಾಕು, ಅಷ್ಟರಲ್ಲಿ ಮೀನೂ ಖಾಲಿಯಾಗುತ್ತದೆ. ಗುಂಡಿ ಬಿಚ್ಚುವ ಪಟ್ಟಿ ತಂದ ಮ್ಯಾನೇಜರರ ಉಳಿತಾಯ ಅವಳ ಸಜ್ಜನಿಕೆಗೆ ಸರಿಯಾಗಿ ಒದಗಿಬಂತು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯಲಿಲ್ಲ, ಆದ್ದರಿಂದ ಹತ್ತಿರ ಇದ್ದವರ ಮೇಲೆ ಮಾಡಿದೆ.

"ರಾಜೇಂದ್ರಣ್ಣ, ಆ ಪಟ್ಟಿಗ್ ಮೆತ್ಕಂಡದ್ ಎಂತ ಕಂಡ್ರ್ಯಾ?"

ಅವರು ಕಂಡರು.

"ಕೀವ್" ಎಂದೆ. "ಅವ್ಳ್ ಕೈ ಕೊಳ್ಸ್ತಿಪ್ಪ ಸೋಂಕಿನ ಕೀವ್. ಚಂದು, ಇವ್ರನ್ನ ನಲ್ಲಿ ಹತ್ರ ಕರ್ಕಂಡ್ ಹೋಗ್. ಸೋಪ್ ಹಾಕಿ ಮೊಣ್ಕೈ ತನ್ಕ ತೊಳ್ಸ್. ತಲಿಗೆ ಹಚ್ಚುದಲ್ಲ, ಕೈ ತೊಳ್ಸ್."

ರಾಜೇಂದ್ರಣ್ಣನ ಗ್ಯಾಸು ಅಷ್ಟು ಹೊತ್ತಿಗೇ ಇಳಿಯಿತು. ಔಷಧಶಾಸ್ತ್ರದಲ್ಲಿ ಇದಕ್ಕೆ ಏನು ಹೆಸರೋ ಕಾಣೆ.

ಆಸ್ಪತ್ರೆಯ ಅಂಬುಲೆನ್ಸು ಮಣಿಪಾಲಕ್ಕೆ ಹೋಗಿತ್ತು. ನನ್ನ ಬಳಿ ಇದ್ದದ್ದು ಪ್ರವೀಣನ ನಂಬರು. ಪ್ರವೀಣ ಬಾರ್ಕೂರು ಬಸ್ಸಿನ ಕಂಡಕ್ಟರು. ಬಾಗಿಲಲ್ಲಿ ಜೋತಾಡಿಯೇ ಕೆಲಸ ಮಾಡುವುದರಿಂದ ಆಗಾಗ ನಮ್ಮಲ್ಲಿಗೆ ಹೊಲಿಗೆಗೆ ಬರುತ್ತಿರುತ್ತಾನೆ.

"ಹ್ವಾಯ್ ಪ್ರವೀಣ, ನಿನ್ ಬಸ್ಸಗೆ ಮೀನಿನ ವನಜಕ್ಕ ಇದ್ರಾ?"

"ಇದ್ರ್ ಸಿಸ್ಟ್ರೆ. ಹಿಂದಿನ್ ಸೀಟಗೆ ಒರ್ಗಿರ್."

"ಒರ್ಗಿದ್ದಲ್ಲ ಅದ್, ಎಚ್ಚರ ತಪ್ಪತಿತ್ತ್. ಇಳ್ಸಿ ವಾಪಾಸ್ ಕಳ್ಸ್ ಮಾರಾಯ. ತಡ ಆರೆ ಕೈ ಹೋತ್ತ್, ಮತ್ತೂ ತಡ ಆರೆ ಜೀವ."

ಅವನು ಒಂದೂ ಮರುಪ್ರಶ್ನೆ ಕೇಳಲಿಲ್ಲ. "ಕೋಟದಗೆ ಎದ್ರಿನ್ ಬಸ್ ಸಿಕ್ಕತ್ತ್, ಅದ್ರಗೆ ಹಾಕಿ ಕಳ್ಸ್ತೆ" ಎಂದ. ಮೊಬೈಲು ರಿಪೇರಿಯಿಂದ ಹಿಡಿದು ಮಗಳ ಮನೆಯ ಹಲಸಿನ ಹಣ್ಣಿನವರೆಗೆ ಎಲ್ಲವನ್ನೂ ಒಂದು ಬಸ್ಸಿನಿಂದ ಇನ್ನೊಂದಕ್ಕೆ ದಾಟಿಸಿ ಮುಟ್ಟಿಸುವ ನಮ್ಮ ಬಸ್ಸಿನವರು ವನಜಕ್ಕನನ್ನೂ ಹಾಗೇ ದಾಟಿಸಿದರು. ಎದುರಿನ ಬಸ್ಸು ಎಲ್ಲೂ ನಿಲ್ಲದೆ ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಅದರ ಕಂಡಕ್ಟರು ಬಾಗಿಲಿನಿಂದ "ಸಿಸ್ಟ್ರೆ, ಪ್ರವೀಣನ್ ಪಾರ್ಸೆಲ್" ಎಂದು ಕೂಗಿ, ಅವಳನ್ನು ಎರಡು ಕೈಯಲ್ಲಿ ಎತ್ತಿ ಸ್ಟ್ರೆಚರಿನ ಮೇಲೆ ಮಲಗಿಸಿ, ಬುಟ್ಟಿಯನ್ನೂ ಇಳಿಸಿ ಹೋದ. ಅವನಿಗೆ ಕೈ ತೊಳೆದು ಹೋಗು ಎಂದು ಹೇಳಲು ನಾನು ಬಸ್ಸಿನ ಹಿಂದೆ ಓಡಬೇಕಾಯಿತು.

"ಮೀನ್..." ಎಂದಳು ವನಜಕ್ಕ, ಕಣ್ಣು ಅರ್ಧ ತೆರೆದು.

"ಮೀನ್ ನಾನ್ ಕಾಣ್ಕಂತೆ" ಎಂದೆ. ಆ ಕೈ ಆಡಿಸಿದ ಮೀನನ್ನು ಯಾರಿಗೂ ಕೊಡುವಂತಿರಲಿಲ್ಲ, ಬ್ಲೀಚಿಂಗ್ ಪುಡಿ ಹಾಕಿಸಿ ಚಂದುವಿನ ಕೈಯಲ್ಲಿ ಹೂಳಿಸಿದೆ. ಬಂಗುಡೆಗಳು. ಕಣ್ಣು ಪಳಪಳ ಎನ್ನುತ್ತಿದ್ದವು, ಕಿವಿರು ಕೆಂಪಗಿತ್ತು. ಅಂಥ ಮೀನನ್ನು ಮಣ್ಣಿಗೆ ಹಾಕಿದ್ದಕ್ಕೆ ಹೊಟ್ಟೆ ಉರಿಯಿತು.

ಅನೂಪ್ ಅವಳನ್ನು ನೇರವಾಗಿ ಆಪರೇಷನ್ ಕೋಣೆಗೆ ಒಯ್ದು, ತೋಳನ್ನು ಉದ್ದಕ್ಕೆ ಸೀಳಿ, ಸತ್ತ ಮಾಂಸ ತೆಗೆದು ತೊಳೆದರು. ಕೆಲಸ ಬಲ್ಲ ಮನುಷ್ಯ. ಜೀವಕ್ಕೆ ಸದ್ಯ ಭಯವಿಲ್ಲ ಎಂದರು. ಕೈಬೆರಳುಗಳ ಬಗ್ಗೆ ಮಾತ್ರ ಅವರಿಗೆ ಅನುಮಾನವಿತ್ತು. "ನಾಳೆ ಬೆಳಗ್ಗೆ ಸೂಜಿ ಚುಚ್ಚಿ ನೋಡೋಣ. ಬೆರಳಿಗೆ ನೋವು ಗೊತ್ತಾದರೆ ಕೈ ಉಳಿಸಿಕೊಳ್ಳಲು ಕಾಯಬಹುದು. ಗೊತ್ತಾಗದಿದ್ದರೆ ಮಣಿಕಟ್ಟಿನಲ್ಲಿ ತೆಗೆಯಲೇಬೇಕು. ಬಿಟ್ಟರೆ ಮೇಲಕ್ಕೆ ಹೋಗುತ್ತದೆ" ಎಂದರು. ಬಲಗೈ. ಮೀನು ಕೊಯ್ಯುವ ಕೈ, ಬುಟ್ಟಿ ಎತ್ತುವ ಕೈ. ಗಂಡ ಇಲ್ಲ, ಮಗ ನಾಗ ಬೋಟಿನಲ್ಲಿ ಆಳ ಸಮುದ್ರಕ್ಕೆ ಹೋದವನು ಫೋನಿಗೆ ಸಿಗುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಹಬ್ಬಿ ಜನ ಬಂದರು. ಪ್ರತ್ಯೇಕ ಕೋಣೆ ಎಂದರೆ ಸ್ಪೆಷಲ್ ರೂಮು ಎಂದು ತಿಳಿದು, ವನಜಕ್ಕನಿಗೆ ಸ್ಪೆಷಲ್ ರೂಮು ಕೊಟ್ಟಿದ್ದಾರೆಂದು ಸಂತೋಷಪಟ್ಟರು. ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ನಮ್ಮಲ್ಲಿ ಮೂರು ತಲೆಮಾರು ಮಾತು ಬಿಡುತ್ತಾರೆ. ಹೋದರೆ ಹಣೆ ಮುಟ್ಟಬೇಕು, ಬ್ಯಾಂಡೇಜು ಎತ್ತಿ ಗಾಯ ನೋಡಬೇಕು, ಹೇಗೂ ಬಂದದ್ದಾಯಿತಲ್ಲ ಎಂದು ಅದೇ ಕೈಯಲ್ಲಿ ಹೆರಿಗೆ ವಾರ್ಡಿಗೂ ಹೋಗಿ ಗುರುತಿನವರ ಮಗುವಿನ ಗಲ್ಲ ಹಿಂಡಿ ಹೋಗಬೇಕು. ನಾನು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕುಳಿತೆ. "ಸೊಕ್ಕ್ ಕಾಣ್ ಇವ್ಳ್ದ್" ಎಂದು ಒಬ್ಬರು ನನಗೆ ಕೇಳುವಂತೆಯೇ ಹೇಳಿದರು. ಸೊಕ್ಕು ಹೌದು, ಅಂದು ನನ್ನ ಹತ್ತಿರ ಇದ್ದ ಒಂದೇ ಔಷಧ ಅದು.

ರಾಜೇಂದ್ರಣ್ಣನೂ ಮರುದಿನ ಬೆಳಗ್ಗೆ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದರು. ಕುರ್ಚಿಯ ಆಚೆ ನಿಂತು ಜೊತೆಯಲ್ಲಿದ್ದವರಿಗೆ ವಿವರಿಸುತ್ತಿದ್ದರು. "ಕೆಂಪ್ ಪಟ್ಟಿ ನನ್ ಕೈಯಗೇ ಇದ್ದಿತ್. ಪಾಪದ್ ಹೆಂಗ್ಸ್ ಅಂದ್ಹೇಳಿ ನಾನೇ ಬಿಟ್ಟ್ ಕೊಟ್ಟದ್." ನನಗೆ ಅವರ ಇಸಿಜಿ ಮತ್ತೊಮ್ಮೆ ತೆಗೆಯಬೇಕೆನಿಸಿತು, ಈ ಸಲ ಕಾರಣವಿರುವಂತೆ ಮಾಡಿ.

ಅಷ್ಟರಲ್ಲಿ ಅನೂಪ್ ಸೂಜಿ ಹಿಡಿದು ಬಂದರು. ಮೈಸೂರು ಕಡೆಯವರು, ನಮ್ಮೂರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. "ಅಮ್ಮಾ, ಅಲ್ಲಾಡಬೇಡಿ. ಚುಚ್ಚಿದಾಗ ನೋವಾದರೆ ಹೇಳಿ" ಎಂದರು. ವನಜಕ್ಕ ಮುಖ ಗೋಡೆಗೆ ತಿರುಗಿಸಿ, ಹೊದಿಕೆಯನ್ನು ಹಣೆವರೆಗೆ ಎಳೆದುಕೊಂಡಳು.

"ಇಲ್ಲಿ ನೋವಾಯಿತಾ?"

"ಅಡ್ಡಿಲ್ಲೆ ಡಾಕ್ಟ್ರೆ."

"ಇಲ್ಲಿ?"

"ಅಡ್ಡಿಲ್ಲೆ."

"ಅಡ್ಡಿಲ್ಲೆ ಅಂದರೆ ನೋವು ಆಯಿತೋ, ಇಲ್ಲವೋ?"

"ನಿಮ್ಗ್ ಹ್ಯಾಂಗ್ ಬೇಕೋ ಹಾಂಗೆ ಮಾಡ್ಕಣಿ, ನಂಗೆಂತ ತೊಂದ್ರಿ ಇಲ್ಲೆ."

ಅನೂಪ್ ನನ್ನ ಮುಖ ನೋಡಿದರು. ಕೈ ಸ್ವಲ್ಪವೂ ಅಲುಗಿರಲಿಲ್ಲ. ಬೆರಳು ಸತ್ತದ್ದಕ್ಕೆ ಅಲುಗಲಿಲ್ಲವೋ, ಡಾಕ್ಟರು ಅಲ್ಲಾಡಬೇಡಿ ಎಂದದ್ದಕ್ಕೆ ಅಲುಗಲಿಲ್ಲವೋ, ದೇವರಿಗೇ ಗೊತ್ತು. ಅನೂಪ್ ನಿಧಾನವಾಗಿ, ಕೈ ತೆಗೆಯಬೇಕಾಗಬಹುದು ಎಂದು ಅವಳಿಗೆ ತಿಳಿಸಿದರು. ಅವಳು ಎಡಗೈಯಲ್ಲಿ ಹೊದಿಕೆಯ ಅಂಚು ಸರಿಮಾಡಿಕೊಂಡಳು. ಆಮೇಲೆ, "ತೆಗುಕಾರೆ ತೆಗಿನಿ. ನೀವ್ ಬೇಜಾರ್ ಮಾಡ್ಕಣ್ಬೇಡಿ" ಎಂದಳು.

ನನಗೆ ಬಂದ ಸಿಟ್ಟು ಇಷ್ಟಲ್ಲ. ಕೈ ಕಡಿಯುವವನಿಗೆ ಬೇಜಾರಾಗಬಾರದಂತೆ. ಇಂಥ ಸಜ್ಜನಿಕೆಯನ್ನು ಒಲೆಗೆ ಹಾಕಬೇಕು ಎನಿಸಿತು. ಒಲೆಗೆ ಹಾಕುವುದು ಹೇಗೆ ಎಂದು ಆಗ ಹೊಳೆಯಿತು. ಕಾಲ ಬಳಿ ನಿಂತು, ಅನೂಪರಿಗೆ ಸೂಜಿ ಹಿಡಿದೇ ಇರಿ ಎಂದು ಕಣ್ಣಲ್ಲಿ ಹೇಳಿ, ದನಿ ಎತ್ತಿದೆ.

"ವನಜಕ್ಕ, ಹೆಂಗೂ ಇನ್ ನೀವ್ ಮೀನ್ ಮಾರುದಿಲ್ಲೆ, ಹೇಳ್ರೆ ತಪ್ಪಿಲ್ಲೆ. ಹ್ವಾದ್ ವಾರ ನೀವ್ ಕೊಟ್ಟ ಬಂಗ್ಡಿ ಹಾಳಾದ್ದ್."

ಹೊದಿಕೆ ಹಣೆಯಿಂದ ಇಳಿಯಿತು. "ಎಂತ ಹೇಳ್ದೆ?"

ಇಷ್ಟು ವರ್ಷ ನೀವು, ಚೇತ್ನಮ್ಮ ಎನ್ನುತ್ತಿದ್ದವಳು.

"ಹಾಳಾದ್ದ್ ಅಂದೆ. ಐಸಿನ ಮೀನ್. ಬೆಕ್ಕಿಗ್ ಹಾಕ್ದೆ, ಬೆಕ್ಕೂ ಮೂಸ್ಲಿಲ್ಲೆ. ಓಣಿಯರೆಲ್ಲ ಹೇಳ್ತ್ರ್, ನಿಮ್ ಎದ್ರಿಗ್ ಹೇಳುದಿಲ್ಲೆ ಅಷ್ಟೆ."

"ಐಸಿನ್ ಮೀನಾ? ನಾನಾ?" ಅವಳು ಎದ್ದು ಕುಳಿತಳು. "ನನ್ ಅಬ್ಬೆ ಕಾಲ್ದಿಂದ ಈ ಬುಟ್ಟಿಯಗೆ ಐಸ್ ಬಿದ್ದದ್ ಇಲ್ಲೆ. ನಿನ್ ಬಾಯಿಗ್..." ಅಷ್ಟರಲ್ಲಿ ಅನೂಪ್ ಹೆಬ್ಬೆರಳಿಗೆ ಚುಚ್ಚಿದರು.

"ಅಯ್ಯಬ್ಬಾ!" ಕೈ ಎಳೆದುಕೊಂಡಳು. "ಯಾರ್ ಅದ್ ಚುಚ್ಚದ್? ನಾನ್ ಮಾತಾಡುದ್ ಕಾಂತಿಲ್ಲೆಯಾ?"

"ಬೂತಾಯಿ ಮೀನೂ ಹಾಳಾದ್ದೇ" ಎಂದೆ. ತೋರುಬೆರಳು ಕಿರುಚಿತು. ಕಾಣೆ ಮೀನಿನ ಮೇಲೆ ಸುಳ್ಳು ಹೇಳಿದೆ, ನಡುಬೆರಳು. ಅಂಜಲ್ ಮೀನಿನ ತೂಕದಲ್ಲಿ ಮೋಸ ಎಂದೆ, ಉಂಗುರದ ಬೆರಳು. ಪ್ರತಿ ಚುಚ್ಚಿಗೂ ನನ್ನ ವಂಶದ ಒಬ್ಬೊಬ್ಬರನ್ನು ಹೆಸರು ಹಿಡಿದು ಬೈದಳು. ಸಿಕ್ಕಿದ ನೀರಿನ ಲೋಟವನ್ನು ಎಡಗೈಯಲ್ಲಿ ಎಸೆದಳು, ಅದು ಬಾಗಿಲಾಚೆ ಹೋಗಿ ರಾಜೇಂದ್ರಣ್ಣನ ಬಿಸ್ಕತ್ತನ್ನು ತೋಯಿಸಿತು. ಕಿರುಬೆರಳಿಗೆ ನಾನು ಏನು ಹೇಳಿದರೂ ಅದು ಮಾತಾಡಲಿಲ್ಲ. ಅದೊಂದು ಸತ್ತಿತ್ತು. ಉಳಿದದ್ದೆಲ್ಲ ಬದುಕಿತ್ತು.

"ಸಾಕು ಸಿಸ್ಟರ್" ಎಂದರು ಅನೂಪ್. ನಾನು ಹೊರಗೆ ಬಂದು ಕೈ ತೊಳೆಯುವ ನಲ್ಲಿ ತಿರುಗಿಸಿ, ಮಾಸ್ಕಿನೊಳಗೆ ಗಳಗಳ ಅತ್ತೆ. ಹಿಂದಿನಿಂದ ವನಜಕ್ಕನ ಬೈಗುಳ ಇನ್ನೂ ಕೇಳುತ್ತಿತ್ತು. ಅಷ್ಟು ಹಿತವಾದ ಶಬ್ದ ಆ ಆಸ್ಪತ್ರೆಯಲ್ಲಿ ನಾನು ಕೇಳಿದ್ದಿಲ್ಲ.

ಕಿರುಬೆರಳು ಹೋಯಿತು, ಕೈ ಉಳಿಯಿತು. ಪಟ್ಟಿಗಳ ಗುಂಡಿಗಳೂ ಹಾಗೇ ಉಳಿದವು, ಡಬ್ಬಿ ಖಾಲಿಯಾಗುವವರೆಗೆ ಬೇರೆ ತರಿಸುವಂತಿಲ್ಲವಂತೆ. ಒರೆಸಿ ಹಾಕುವ ಪಟ್ಟಿ ಖಾಲಿಯಾಗುವುದು ಯಾವಾಗ ಎಂದು ಕೇಳಿದೆ, ಮ್ಯಾನೇಜರರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ಯಾರಾದರೂ ಬೆಂಚಿನ ತುದಿಯಲ್ಲಿ ಕುಳಿತು ಅಡ್ಡಿಲ್ಲೆ ಎಂದರೆ ನಾನೀಗ ಮೊದಲು ಅವರನ್ನು ಎಬ್ಬಿಸಿ ಒಳಗೆ ಕರೆದೊಯ್ಯುತ್ತೇನೆ.

ವನಜಕ್ಕನಿಗೆ ಅದೆಲ್ಲ ಸುಳ್ಳು, ಕೈ ಉಳಿಸಲು ಹೇಳಿದ್ದು ಎಂದು ನಾನು ಹೇಳಿದೆ, ಅನೂಪ್ ಹೇಳಿದರು, ಚಂದುವೂ ಹೇಳಿದಳು. ಬೋಟಿನಿಂದ ಇಳಿದು ಬಂದ ನಾಗನಂತೂ ತಾಯಿಗೆ ಕೈಮುಗಿದ. "ಗೊತ್ತಿತ್ತ್" ಎಂದಳು. "ಆರೆ ನಾಲ್ಕ್ ಜನದೆದ್ರಿಗ್ ಹೇಳಿದ್ಳಲೆ."

ಈಗ ಮತ್ತೆ ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುತ್ತಾಳೆ. ಪಕ್ಕದ ಮನೆಯಲ್ಲಿ ಇಳಿಸುತ್ತಾಳೆ, ಎದುರಿನ ಮನೆಯಲ್ಲಿ ಇಳಿಸುತ್ತಾಳೆ. ನಾನು ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿರುತ್ತೇನೆ.

"ವನಜಕ್ಕ, ಬಂಗ್ಡಿ ಇತ್ತಾ?"

"ಇತ್ತ್. ಹಾಳಾದ್ದ್. ನಿಂಗಾಪ್ದಲ್ಲ."

"ಕೈ ಹ್ಯಾಂಗಿತ್ತ್?"

ಎದುರಿನ ಮನೆಯವರು ಇದೇ ಪ್ರಶ್ನೆ ಕೇಳಿದಾಗ ಅಡ್ಡಿಲ್ಲೆ ಎಂದದ್ದು ನನ್ನ ಕಿವಿಗೆ ಆಗಷ್ಟೇ ಬಿದ್ದಿತ್ತು. ಮರ್ಯಾದಸ್ಥರಿಗೆ ಕೊಡುವ ಉತ್ತರ ಅದು. ಅವಳು ನನ್ನ ಕಡೆ ತಿರುಗಿ, ಓಣಿಗೆಲ್ಲ ಕೇಳುವಂತೆ ಹೇಳಿದಳು.

"ನೋಯತ್ತ್ ಮಾರಾಯ್ತಿ. ರಾತ್ರಿ ಪೂರ್ತಿ ನೋಯತ್ತ್. ನಾಳೆ ಬತ್ತೆ, ಮದ್ದ್ ಕೊಡ್."

ಕೊಡುತ್ತೇನೆ ಎಂದೆ. ಖಾಲಿ ತಟ್ಟೆ ಹಿಡಿದು ಒಳಗೆ ಬಂದು, ಮಧ್ಯಾಹ್ನಕ್ಕೆ ಒಣಮೀನು ಹುರಿಯಲು ಇಟ್ಟೆ.